ಮೇಟಿಗೆ ಕಟ್ಟಿದ ವಿಮಾನ

ನಾನು ಮಧುಗಿರಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದವನು. ಸುಟ್ಟುಹೋದ ಪಂಪ್‌ಸೆಟ್ಟಿನ ಹೊಟ್ಟೆ ಬಿಚ್ಚಿ, ಕರಕಲಾದ ತಾಮ್ರದ ತಂತಿಯನ್ನೆಲ್ಲ ಕಿತ್ತು ಹಾಕಿ, ಹೊಸ ತಂತಿ ಸುತ್ತಿ, ವಾರ್ನಿಷ್ ಹೊಯ್ದು ಒಣಗಿಸಿ ಕೊಡುವುದು ನನ್ನ ಕಸುಬು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಶಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆಯಿಂದಲೂ ಮೋಟಾರುಗಳು ಎತ್ತಿನ ಗಾಡಿಯಲ್ಲಿ, ಬಸ್ಸಿನ ಟಾಪಿನ ಮೇಲೆ ನನ್ನಲ್ಲಿಗೆ ಬರುತ್ತಿದ್ದವು. ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಕಥೆ. ಪಾವಗಡದ ಕಡೆಯ ಒಬ್ಬ ರೈತನಂತೂ ಅಂಗಡಿಯ ಮೆಟ್ಟಿಲ ಮೇಲೆ ಕೂತು, "ಏಮ್ ಚೆಪ್ಪಾಲಪ್ಪಾ, ಲೋ ವೋಲ್ಟೇಜು! ಸ್ವಿಚ್ ಹಾಕಿದ್ದೇ ಹಾಕಿದ್ದು, ಗುಯ್ಯಂತು, ಹೊಗೆ ಬಂತು, ಅಂತೇ, ಅಯಿಪೋಯಿಂದಿ!" ಎಂದು ತೆಲುಗು, ಕನ್ನಡ ಎರಡರಲ್ಲೂ ಗೋಳಾಡುತ್ತಿದ್ದ.

ಅವನು ಹೇಳುತ್ತಿದ್ದುದು ನಿಜ. ಕರೆಂಟು ಸೊರಗಿದಾಗ ಪಂಪಿನ ಮೋಟಾರು ನೀರು ಎತ್ತಲಾರದೆ ತಿಣುಕುತ್ತದೆ, ತಿಣುಕಿ ತಿಣುಕಿ ಕಾಯುತ್ತದೆ, ಕಾದು ಸುಡುತ್ತದೆ. ಹದಿನೈದು ವರ್ಷದಲ್ಲಿ ನಾನು ಕಲಿತ ವಿದ್ಯೆಯೆಲ್ಲ ಇಷ್ಟೇ: ವೋಲ್ಟೇಜು ಕಮ್ಮಿಯಾದರೆ ಮೋಟಾರು ಸಾಯುತ್ತದೆ. ಈ ವಿದ್ಯೆಯನ್ನು ನಂಬಿಯೇ ನಾನು ನನ್ನ ಅತ್ತೆಯ ದನಿಯನ್ನು ಸುಟ್ಟು ಬೂದಿ ಮಾಡುವುದರಲ್ಲಿದ್ದೆ.

ವಾರ್ನಿಷ್ ಒರೆಸಲು ಹಳೇ ಪೇಪರಿನವನಿಂದ ತಂದ ಕಟ್ಟಿನಲ್ಲಿ ಒಂದು ದಿನ ಯಾವುದೋ ಇಂಗ್ಲಿಷ್ ಪತ್ರಿಕೆಯ ನಾಲ್ಕು ಹಾಳೆ ಸಿಕ್ಕಿತು. ಅದರಲ್ಲಿ ಒಬ್ಬ ಬಿಳಿ ದೊರೆ ಕಾಗದದ ರೆಕ್ಕೆಯ ಪುಟ್ಟ ವಿಮಾನವನ್ನು ಎತ್ತಿ ಹಿಡಿದಿದ್ದ. ಮೂತಿಯಲ್ಲಿ ಹೆಬ್ಬೆಟ್ಟಿನಷ್ಟು ಮೋಟಾರು. ಅದರಿಂದ ಎರಡು ತಂತಿ ಹೊರಟು ಹೊಟ್ಟೆಯೊಳಗಿನ ಬ್ಯಾಟರಿಗೆ ಹೋಗಿದ್ದವು. ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ತಂತಿ ಓದಲು ಬರುತ್ತಿತ್ತು. ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ, ಬರೀ ಮೋಟಾರಿನಿಂದ ಹಾರುವ ವಿಮಾನ! ಮೈ ಜುಮ್ಮೆಂದಿತು. ನನ್ನ ಕೈಯಿಂದ ಹೋದ ಮೋಟಾರುಗಳೆಲ್ಲ ಬಾವಿಯ ಕಡೆಗೇ ಇಳಿದವು. ಒಂದೇ ಒಂದಾದರೂ ಮೇಲಕ್ಕೆ ಹೋಗುವುದನ್ನು ನೋಡಿ ಸಾಯಬೇಕು ಅನ್ನಿಸಿತು.

ಕತ್ತಾಳೆ ಬೇಲಿಗೆ ನಮ್ಮ ಸೀಮೆಯಲ್ಲಿ ಬರವೇ? ಕತ್ತಾಳೆ ಹೂ ಬಿಟ್ಟು ಒಣಗಿದ ಮೇಲೆ ಉಳಿಯುವ ಉದ್ದನೆಯ ದಿಂಡು ಹತ್ತಿಯಷ್ಟು ಹಗುರ. ಬಾವಿಯಲ್ಲಿ ಈಜು ಕಲಿಯುವವರು ಅದನ್ನೇ ಬೆನ್ನಿಗೆ ಕಟ್ಟಿಕೊಳ್ಳುವುದು. ಅದನ್ನು ಕೆತ್ತಿ ಮೈ ಮಾಡಿದೆ, ಬಿದಿರಿನ ಸೀಳಿಗೆ ಗಾಳಿಪಟದ ಕಾಗದ ಅಂಟಿಸಿ ರೆಕ್ಕೆ ಮಾಡಿದೆ, ಡಾಲ್ಡಾ ಡಬ್ಬದ ತಗಡು ಕತ್ತರಿಸಿ ಫ್ಯಾನು ಮಾಡಿದೆ. ಮೋಟಾರು ಮಾತ್ರ ಇರಲಿಲ್ಲ. ನನ್ನ ಅಂಗಡಿಯಲ್ಲಿದ್ದುದು ಇಬ್ಬರು ಸೇರಿ ಎತ್ತಬೇಕಾದ ಮೋಟಾರುಗಳು. ಅಷ್ಟು ಸಣ್ಣದು ಇದ್ದುದು ಇಡೀ ಮನೆಯಲ್ಲಿ ಒಂದೇ ಕಡೆ, ನನ್ನ ಹೆಂಡತಿಯ ಟೇಪ್‌ರೆಕಾರ್ಡರಿನಲ್ಲಿ.

ಆ ಟೇಪಿನ ವಿಷಯ ಹೇಳಲೇಬೇಕು. ನನ್ನ ಹೆಂಡತಿಯ ತೌರು ಬಡವನಹಳ್ಳಿಯ ಹತ್ತಿರದ ಒಂದು ಹಳ್ಳಿ. ಏಳು ವರ್ಷದ ಹಿಂದೆ ಟೇಪು ಹೊಸದಾಗಿ ಬಂದಾಗ ಅವಳು ಅದನ್ನು ತೌರಿಗೆ ಹೊತ್ತುಕೊಂಡು ಹೋಗಿ, ತಾಯಿ ರಾಗಿ ಬೀಸುತ್ತಾ ಹಾಡುವ ಪದಗಳನ್ನು ತುಂಬಿಸಿಕೊಂಡು ಬಂದಿದ್ದಳು. ಕ್ಯಾಸೆಟ್ಟಿನಲ್ಲಿ ಪದದ ಹಿಂದೆ ಬೀಸುವ ಕಲ್ಲಿನ ಗರ ಗರ ಸದ್ದೂ ಕೇಳುತ್ತಿತ್ತು. ಎರಡು ವರ್ಷಕ್ಕೆ ಅತ್ತೆ ತೀರಿಕೊಂಡರು. ಆಮೇಲೆ ಒಮ್ಮೆ ಪಕ್ಕದ ಮನೆಯವರ ಟೇಪಿಗೆ ಆ ಕ್ಯಾಸೆಟ್ ಹಾಕಿದಾಗ ಅದು ಅರ್ಧ ರೀಲನ್ನು ನುಂಗಿ ಕಗ್ಗಂಟು ಮಾಡಿತ್ತು. ಅಂದಿನಿಂದ ಅವಳು ಉಳಿದ ಅರ್ಧವನ್ನು ಬೇರೆ ಯಾವ ಮೆಷೀನಿಗೂ ಕೊಟ್ಟವಳಲ್ಲ. ದಿನಾ ಸಂಜೆ ಸೊಪ್ಪು ಬಿಡಿಸುತ್ತಾ ಒಂದು ಪದ ಕೇಳುವಳು. ಮಾವ ನಮ್ಮ ಮನೆಗೆ ಬಂದಾಗ ಟೇಪು ಹಾಕಿದರೆ ಟವೆಲ್ಲು ಕೊಡವಿಕೊಂಡು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಪಾಪ, ಮುದುಕನಿಗೆ ಸಂಕಟ ತಡೆಯೋದಿಲ್ಲ ಅಂತ ನಾವೂ ಸುಮ್ಮನಿರುತ್ತಿದ್ದೆವು.

ಆ ಮೋಟಾರನ್ನು ನಾನು ಕೇಳದೆ ತೆಗೆದೆ. ಕೇಳಿದ್ದರೆ ಕೊಡುತ್ತಿರಲಿಲ್ಲ ಅಂತ ಗೊತ್ತಿದ್ದೇ ಕೇಳಲಿಲ್ಲ. ಅವಳು ಸಂತೆಗೆ ಹೋಗಿದ್ದಳು. ಹಾರಿಸಿ ನೋಡಿ, ಅವಳು ಬರುವಷ್ಟರಲ್ಲಿ ಕೂರಿಸಿಬಿಡೋಣ ಅನ್ನುವುದು ನನ್ನ ಲೆಕ್ಕಾಚಾರ. ಆ ಮೋಟಾರಿನೊಳಗೆ ಒಂದು ಸಣ್ಣ ಸ್ಪ್ರಿಂಗು ಇತ್ತು. ಸೆಲ್ಲು ಹೊಸದಿರಲಿ ಹಳೆಯದಿರಲಿ, ಟೇಪು ಒಂದೇ ವೇಗದಲ್ಲಿ ತಿರುಗುವಂತೆ ಕಡಿವಾಣ ಹಾಕುವುದು ಅದರ ಕೆಲಸ. ವಿಮಾನಕ್ಕೆ ಕಡಿವಾಣ ಯಾಕೆ? ಅದನ್ನು ತಪ್ಪಿಸಿ ಒಂದು ತುಂಡು ತಂತಿ ಬೆಸುಗೆ ಹಾಕಿದೆ. ಟೇಪಿಗೆ ನಾಲ್ಕು ಸೆಲ್ಲು, ಅಂದರೆ ಆರು ವೋಲ್ಟು. ಅದೇ ನಾಲ್ಕು ಸೆಲ್ಲನ್ನು ವಿಮಾನದ ಹೊಟ್ಟೆಗೆ ಕಟ್ಟಿ ಅಂಗಡಿಯ ಮುಂದಿನ ಸಿಮೆಂಟಿನ ಮೇಲೆ ಬಿಟ್ಟೆ. ಗುಂಯ್ ಅಂದಿತು, ಒಂದು ಮೊಳ ತೆವಳಿತು, ನಿಂತಿತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. "ಲೋ ವೋಲ್ಟೇಜು!" ಅಂತ ಬೈದುಕೊಂಡು ಇನ್ನೆರಡು ಸೆಲ್ಲು ಕಟ್ಟಿದೆ. ಒಂಬತ್ತು ವೋಲ್ಟು. ಭಾರ ಹೆಚ್ಚಿ ಈಗ ತೆವಳಲೂ ಇಲ್ಲ. ತಿಣುಕುತ್ತಿದೆ, ಸುಟ್ಟುಹೋಗುವ ಮೊದಲು ಇನ್ನಷ್ಟು ಕೊಟ್ಟು ಬದುಕಿಸಬೇಕು ಅಂತ ಇನ್ನೆರಡು ಕಟ್ಟಿದೆ. ಹನ್ನೆರಡು. ಸೆಲ್ಲು ಹೆಚ್ಚಿಸಿದಷ್ಟೂ ಭಾರ, ಭಾರ ಹೆಚ್ಚಿದಷ್ಟೂ ತಿಣುಕಾಟ, ತಿಣುಕಿದಷ್ಟೂ ಇನ್ನೊಂದು ಸೆಲ್ಲು. ಬುದ್ಧಿ ಇರುವವನು ಅಲ್ಲಿ ನಿಲ್ಲಿಸುತ್ತಿದ್ದ. ನಾನು ಅದನ್ನು ಕೈಯಲ್ಲಿ ಒತ್ತಿ ಹಿಡಿದು ಓಡಿಸುತ್ತಲೇ ಇದ್ದೆ. ಹದಿನೈದು ವರ್ಷದಿಂದ ಮೂಗಿಗೆ ಗೊತ್ತಿರುವ ವಾಸನೆ ಬಂತು. ವಾರ್ನಿಷ್ ಕಾಯುವ ವಾಸನೆ.

ಅದೇ ಹೊತ್ತಿಗೆ ಸರಿಯಾಗಿ ಹೆಂಡತಿ ಸಂತೆಯ ಚೀಲ ಹಿಡಿದು ಬಂದಳು. ಹೊಟ್ಟೆ ಬಿಚ್ಚಿಕೊಂಡು ಬೆಂಚಿನ ಮೇಲೆ ಬಿದ್ದಿದ್ದ ಟೇಪನ್ನು ನೋಡಿದಳು. ನನ್ನ ಕೈಯಲ್ಲಿ ಹೊಗೆಯಾಡುತ್ತಿದ್ದುದನ್ನು ನೋಡಿದಳು.

"ನಮ್ಮವ್ವನ್ನ ಸುಟ್ಬುಟ್ಟೆಯಾ?" ಅಂದಳು.

ಕೂಗಾಡಲಿಲ್ಲ, ಅಳಲಿಲ್ಲ. ಅಷ್ಟೇ ಕೇಳಿದಳು. ನಾನು ಸೆಲ್ಲಿನ ತಂತಿ ಕಿತ್ತು ಮೋಟಾರನ್ನು ಉಫ್ ಉಫ್ ಅಂತ ಊದತೊಡಗಿದೆ.

ಮಾರನೆಯ ದಿನ ಮೊದಲ ಬಸ್ಸಿಗೇ ಮೋಟಾರನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಶಿರಾಕ್ಕೆ ಓಡಿದೆ. ಅಲ್ಲೊಬ್ಬ ಸಾಬರು ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದರು. ಸುತ್ತಲ ಊರುಗಳಿಗೆಲ್ಲ ಅವರೇ ಉಸ್ತಾದ್. ಕನ್ನಡಕ ಹಣೆಗೇರಿಸಿ, ಮೋಟಾರನ್ನು ಕಿವಿಗೆ ಹಿಡಿದು ಬೆರಳಿನಿಂದ ತಿರುಗಿಸಿ ನೋಡಿದರು. "ಜಾನ್ ಹೈ, ಜೀವ ಐತೆ. ಇನ್ನೊಂದ್ಸಲ ಇಂಗೆ ಕಾಯ್ಸಿದ್ರೆ ಖತಂ. ಇದರ ಜೋಡಿ ಮೋಟಾರು ನನ್ ಹತ್ರ ಇಲ್ಲ, ಬೆಂಗ್ಳೂರಲ್ಲೂ ಸಿಗಲ್ಲ" ಅಂದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಾನು ನಡೆದದ್ದನ್ನೆಲ್ಲ ಹೇಳಿ, ಲೋ ವೋಲ್ಟೇಜಿನಿಂದಲೇ ಹಿಂಗಾಯ್ತು ಅಂದಾಗ ಅವರು ಬಿದ್ದು ಬಿದ್ದು ನಕ್ಕರು.

"ಅರೆ ಭಾಯ್, ಇದು ನಿನ್ನ ಪಂಪ್‌ಸೆಟ್ಟಾ? ಇದು ಡಿಸಿ, ಸೆಲ್ಲಿನ ಮೋಟಾರು. ಕಮ್ಮಿ ಕೊಟ್ರೆ ಆಹಿಸ್ತಾ, ನಿಧಾನಕ್ಕೆ ತಿರುಗ್ತದೆ, ಅಷ್ಟೇ! ಸುಡಾಕಿಲ್ಲ. ಜ್ಯಾದಾ ಕೊಟ್ಟು, ಮೇಲೆ ಇಷ್ಟು ದೊಡ್ಡ ಪಂಖಾ ಕಟ್ಟಿ, ಓಡದಂಗೆ ಹಿಡ್ಕೊಂಡ್ರೆ ಸುಡ್ದೆ ಇನ್ನೇನ್ ಮಾಡ್ತದೆ? ಪಂಖಾ ಸಣ್ದು ಮಾಡು. ಭಾರ ಇಳ್ಸು. ಕಮ್ಮಿಯಿಂದ ಶುರು ಮಾಡ್ಕೊಂಡು ಹೋಗು."

ಹದಿನೈದು ವರ್ಷದ ವಿದ್ಯೆ ಹದಿನೈದು ಮಾತಿಗೆ ತಲೆಕೆಳಗಾಯಿತು. ನಾಚಿಕೆಯಾಯಿತೇನೋ ನಿಜ. ಆದರೆ ಬಸ್ಸಿನ ಕಿಟಕಿಯ ಪಕ್ಕ ಕೂತು ಬರುವಾಗ ನಾಚಿಕೆಗಿಂತ ಬೆರಗೇ ಹೆಚ್ಚಾಯಿತು. ಅದೇ ತಾಮ್ರ, ಅದೇ ಕಬ್ಬಿಣ, ಅದೇ ಕರೆಂಟು. ಆದರೂ ಒಂದು ಕಮ್ಮಿ ಉಂಡರೆ ಸಾಯುತ್ತದೆ, ಇನ್ನೊಂದು ಕಮ್ಮಿ ಉಂಡು ತಣ್ಣಗೆ ಬದುಕುತ್ತದೆ. ಇಷ್ಟು ವರ್ಷ ಕೈಯಲ್ಲಿ ಹಿಡಿದುಕೊಂಡೂ ಇದು ನನಗೆ ಗೊತ್ತೇ ಇರಲಿಲ್ಲವಲ್ಲ ಶಿವನೇ ಅಂದುಕೊಂಡೆ.

ಮನೆಗೆ ಬಂದು ಹೆಂಡತಿಯ ಮುಂದೆ ಮೋಟಾರಿಟ್ಟು, "ಬದುಕೈತೆ. ಈಗಲೇ ಟೇಪಿಗೆ ಕೂರಿಸ್ತೀನಿ" ಅಂದೆ. ಅವಳು ಅದನ್ನು ಕೈಗೆ ತಗೊಂಡು ನೋಡಿದಳು. ಗೋಡೆಗೆ ಒರಗಿಸಿದ್ದ ವಿಮಾನವನ್ನೂ ನೋಡಿದಳು. ಅದರ ರೆಕ್ಕೆಗೆ ನಾನು ಅಂಟಿಸಿದ್ದು ಕೆಂಪು ಕಾಗದ, ಚೆನ್ನಾಗಿಯೇ ಕಾಣುತ್ತಿತ್ತು.

"ದಿಟವಾಗ್ಲೂ ಹಾರ್ತದಾ ಇದು?"

"ಹಾರ್ತದೆ ಕಣೆ. ಭಾರ ಇಳಿಸಿದ್ರೆ ಹಾರ್ತದೆ."

"ಹಂಗಾರೆ ನಾನಿಲ್ದೆ ಮುಟ್ಟಂಗಿಲ್ಲ. ನಾನು ಬುಡು ಅಂದಾಗ ಬುಡಬೇಕು. ನಮ್ಮಪ್ಪನ ಮನೇಲಿ ಕಣ ಐತೆ, ಅಲ್ಲೇ ಹಾರ್ಸು, ಅಲ್ಲಿಂದ ಹೊರಡೋ ಮುಂಚೆ ಮೋಟ್ರು ಟೇಪ್ನಾಗೆ ಕೂತಿರಬೇಕು, ನಮ್ಮವ್ವ ಮೊದ್ಲು ಹೆಂಗೆ ಹಾಡ್ತಿದ್ಲೋ ಅಂಗೇ ಹಾಡಬೇಕು. ಒಂದ್ ಚೂರು ಹೆಚ್ಚುಕಮ್ಮಿ ಆದ್ರೂ ನಾನು ತೌರಿಂದ ಬರಾಕಿಲ್ಲ" ಅಂದಳು. ಅವಳು ತಮಾಷೆಗೆ ಹೇಳುವಾಗ ಕಣ್ಣು ನಗುತ್ತದೆ. ಅವತ್ತು ನಗುತ್ತಿರಲಿಲ್ಲ.

ಆ ಭಾನುವಾರ ಟೇಪು, ವಿಮಾನ ಎರಡನ್ನೂ ಹೊತ್ತು ಹೋದೆವು. ಮಾವ ಕಣದಲ್ಲಿದ್ದರು. ರಾಗಿ ತುಳಿಸುವುದು ಆಗಲೇ ಮುಗಿದು, ಸಗಣಿ ಸಾರಿಸಿದ ಕಣ ಗುಂಡಗೆ, ನುಣ್ಣಗೆ ಬಿದ್ದಿತ್ತು. ನಡುವೆ ಮೇಟಿ, ಅಂದರೆ ತುಳಿಯುವ ಎತ್ತುಗಳನ್ನು ಕಟ್ಟುವ ಕಂಬ, ಇನ್ನೂ ನಿಂತಿತ್ತು. ಫ್ಯಾನನ್ನು ಮೂರರಲ್ಲಿ ಒಂದು ಪಾಲು ಕತ್ತರಿಸಿದ್ದೆ. ಮೂರು ಸೆಲ್ಲು, ನಾಲ್ಕು ಸೆಲ್ಲು ಹಾಕಿ ನೋಡಿದೆ. ಈಗ ಕಾಯುತ್ತಿರಲಿಲ್ಲ, ಕಣದಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ನೆಲ ಬಿಡಲೊಲ್ಲದು. ಸೆಲ್ಲು ತೆಗೆದರೆ ಶಕ್ತಿ ಸಾಲದು, ಹಾಕಿದರೆ ಭಾರ. ಎರಡರ ನಡುವೆ ಸಿಕ್ಕಿಕೊಂಡು ನಾನು ಬೆವರುತ್ತಿದ್ದೆ. ಮಾವ ಬೀಡಿ ಹಚ್ಚಿ ಅರ್ಧ ಗಂಟೆ ನೋಡಿದರು.

"ಅಳಿಮಯ್ಯ, ಅದರ ಹೊಟ್ಟೇಲಿ ಏನೈತೆ?"

"ಸೆಲ್ಲು ಕಣ್ ಮಾವ. ಅದರ ಊಟ."

"ಊಟಾನೆಲ್ಲ ಅದರ ಮೇಲೇ ಯಾಕ್ ಹೊರ್ಸೀಯ? ನಮ್ಮೆತ್ತು ತುಳಿಯೋವಾಗ ಹುಲ್ಲಿನ ಬಣವೆ ಹೊತ್ಕಂಡು ತಿರುಗ್ತದಾ? ಮೇಟಿಗೆ ಕಟ್ಟು ಅದನ್ನ. ಊಟ ಮೇಟಿ ಬುಡದಲ್ಲಿ ಬಿದ್ದಿರಲಿ."

ಬ್ಯಾಟರಿ ನೆಲದ ಮೇಲೆ, ಅಲ್ಲಿಂದ ಮೇಟಿಯ ತುದಿಗೆ, ತುದಿಯಿಂದ ಕೂದಲಿನಂಥ ಎರಡು ತಾಮ್ರದ ತಂತಿ ವಿಮಾನಕ್ಕೆ! ತಂತಿಯೇ ಹಗ್ಗ, ತಂತಿಯೇ ಊಟ. ಜೀವಮಾನವೆಲ್ಲ ತಂತಿಯಲ್ಲೇ ಬದುಕಿದ ನನಗೆ ಹೊಳೆಯದ್ದು ಎತ್ತಿನ ಹಿಂದೆ ನಡೆದ ಮುದುಕನಿಗೆ ಹೊಳೆಯಿತು. "ಮಾವ, ನೀನು ಎಲ್ಲಿ ಓದಿದ್ದೆ?" ಅಂದೆ. "ಹೋಗ್ಲಾ, ಹುಡುಗಾಟ ಆಡಬ್ಯಾಡ" ಅಂದರು.

ಹೆಂಡತಿ ಟೇಪು, ಮೋಟಾರು ಎರಡನ್ನೂ ಇಟ್ಟುಕೊಂಡು ತೌರಲ್ಲೇ ಉಳಿದಳು; ನಾನೊಬ್ಬನೇ ಊರಿಗೆ ಬಂದು ಮುಂದಿನ ಭಾನುವಾರದ ಹೊತ್ತಿಗೆ ಎಲ್ಲ ಸಿದ್ಧ ಮಾಡಿಕೊಂಡೆ. ವಿಮಾನ ಸುತ್ತುವಾಗ ತಂತಿ ಮೇಟಿಗೆ ಸುತ್ತಿಕೊಳ್ಳದ ಹಾಗೆ ತುದಿಯಲ್ಲಿ ಎರಡು ತಾಮ್ರದ ಬಳೆ, ಅವುಗಳನ್ನು ಸವರಿಕೊಂಡಿರುವ ಕಾರ್ಬನ್ ಚೂರು ಕೂರಿಸಿದೆ. ಅದು ನನ್ನ ಕಸುಬೇ, ಕಷ್ಟವಾಗಲಿಲ್ಲ. ಆ ಊರಿನ ಟ್ರಾಕ್ಟರಿನ ಬ್ಯಾಟರಿ ಕೇಳಿ ತಂದೆವು. ಆ ಕಾಲದ ಬ್ಯಾಟರಿಗಳ ತಲೆಯ ಮೇಲೆ ಆರು ಮನೆಗಳನ್ನು ಜೋಡಿಸುವ ಸೀಸದ ಪಟ್ಟಿಗಳು ಹೊರಗೇ ಕಾಣುತ್ತಿದ್ದವು. ಒಂದೊಂದು ಮನೆಗೆ ಎರಡು ವೋಲ್ಟು. ಕ್ಲಿಪ್ಪನ್ನು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಸರಿಸಿದರೆ ಎರಡು, ನಾಲ್ಕು, ಆರು, ಹೀಗೆ ಮೆಟ್ಟಿಲು ಹತ್ತಿದಂತೆ ಹನ್ನೆರಡರವರೆಗೆ ಹೋಗಬಹುದು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬ್ಯಾಟರಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಕ್ಲಿಪ್ಪು ನನ್ ಕೈಲಿರ್ತದೆ" ಅಂದಳು.

ನಾಲ್ಕು ವೋಲ್ಟಿಗೆ ವಿಮಾನ ಮೇಟಿಯ ಸುತ್ತ ನಡೆಯಿತು. ಆರಕ್ಕೆ ಓಡಿತು. ಪ್ರತಿ ಸಲ ಅವಳು ಎದ್ದು ಹೋಗಿ ಮೋಟಾರಿನ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವ ಹಾಗೆ ನೋಡಿ ಬರುತ್ತಿದ್ದಳು. ಎಂಟಕ್ಕೆ ಬಾಲ ಎತ್ತಿತು, ಚಕ್ರ ಒಮ್ಮೆ ಕುಪ್ಪಳಿಸಿ ಮತ್ತೆ ನೆಲ ಕಂಡಿತು. ಅವಳು ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟಳು.

"ಇನ್ನೂ ಕಷ್ಟ ಪಡ್ತಾ ಇಲ್ಲ. ದನಿ ಚೆಂದಾಗೈತೆ" ಅಂದಳು. ಕ್ಲಿಪ್ಪನ್ನು ಹತ್ತಕ್ಕೆ ಸರಿಸಿದಳು.

ಅರ್ಧ ಸುತ್ತು ಓಡಿತು. ಆಮೇಲೆ ಚಕ್ರದ ಸದ್ದು ನಿಂತುಹೋಯಿತು. ಅದು ನಿಂತದ್ದೇ ನನಗೆ ಮೊದಲು ಗೊತ್ತಾದದ್ದು. ನೋಡಿದರೆ ವಿಮಾನದ ಕೆಳಗೆ ಬೆಳಕಿತ್ತು! ಒಂದು ಗೇಣು, ಒಂದು ಮೊಳ, ನನ್ನ ಸೊಂಟದ ಮಟ್ಟ. ತಂತಿ ಬಿಗಿಯಾಗಿ ಮಿನುಗುತ್ತಿತ್ತು. ಅದರ ನೆರಳು ಕಣದ ಮೇಲೆ ತಾನೇ ಬೇರೆಯಾಗಿ ಸುತ್ತುತ್ತಿತ್ತು. ಎತ್ತುಗಳು ಸವೆಸಿದ ಅದೇ ದಾರಿಯ ಮೇಲೆ ಕತ್ತಾಳೆ ದಿಂಡು, ಬಿದಿರು, ಕಾಗದ, ಟೇಪಿನ ಮೋಟಾರು ಎಲ್ಲ ಸೇರಿ ಗಾಳಿಯಲ್ಲಿ ಹೋಗುತ್ತಿದ್ದವು. ಅಬ್ಬಬ್ಬಾ! ನಾನು ಏನೇನು ಕೂಗಿದೆನೋ ನೆನಪಿಲ್ಲ. ಕಣ್ಣಲ್ಲಿ ನೀರು ಬಂದದ್ದು ನೆನಪಿದೆ. ಹದಿನೈದು ವರ್ಷದಲ್ಲಿ ಎಷ್ಟೋ ಸಾವಿರ ಸುತ್ತು ತಂತಿ ಸುತ್ತಿದವನು ನಾನು. ಆ ಸುತ್ತಿನೊಳಗೆ ಇಂಥದ್ದು ಅಡಗಿ ಕೂತಿತ್ತು ಅನ್ನುವುದು ಅವತ್ತೇ ನಾನು ಕಂಡದ್ದು. ಮಾವ ಬಾಯಿಯ ಬೀಡಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅದು ಆರಿಹೋಗಿತ್ತು.

"ಹನ್ನೆರಡಕ್ಕೆ ಹಾಕೇ! ಹನ್ನೆರಡಕ್ಕೆ ಹಾಕು!" ಅಂದೆ. ಬುದ್ಧಿ ಎಲ್ಲಿ ಬರಬೇಕು?

"ಬ್ಯಾಡ. ಈಗ ಮೇಲ್ದನೀಲಿ ಹಾಡ್ತಾ ಐತೆ. ಇನ್ನೂ ಏರ್ಸಿದ್ರೆ ಕಿರುಚ್ತದೆ" ಅಂದಳು. ಇನ್ನೂ ಹತ್ತು ಸುತ್ತು ಬಿಟ್ಟು ಕ್ಲಿಪ್ಪನ್ನು ನಿಧಾನವಾಗಿ ಎಂಟಕ್ಕೆ, ಆರಕ್ಕೆ ಇಳಿಸಿದಳು. ವಿಮಾನ ಕಣಕ್ಕೆ ಬಂದು ಕೂತಿತು. ಮೋಟಾರು ಕೋಳಿ ಆಗತಾನೇ ಇಟ್ಟ ಮೊಟ್ಟೆಯಷ್ಟು ಬೆಚ್ಚಗಿತ್ತು, ಅಷ್ಟೇ. ಆಮೇಲೆ ನಾನು ಮೀಟರು ಹಿಡಿದು ನೋಡಿದೆ. ಬ್ಯಾಟರಿಯಲ್ಲಿ ಹತ್ತು ವೋಲ್ಟು ಇದ್ದದ್ದು ಅಷ್ಟು ಸಣ್ಣ ತಂತಿಯಲ್ಲಿ ಹರಿದು ಮೋಟಾರು ಮುಟ್ಟುವಾಗ ಏಳಕ್ಕೆ ಬಂದಿತ್ತು. ಲೈನಿನ ಕೊನೆಯ ಊರಿಗೆ ಕರೆಂಟು ಸೊರಗಿ ಬರುವುದು ನನಗೆ ಗೊತ್ತಿದ್ದ ವಿಷಯವೇ. ಆರರ ಮೋಟಾರಿಗೆ ಏಳು, ಮೇಲೆ ಗಾಳಿಯ ತಂಪು. ಇದಕ್ಕಿಂತ ಸರಿಯಾಗಿ ಯಾವ ಎಂಜಿನಿಯರು ಆರಿಸುತ್ತಿದ್ದ? ನನ್ನ ಹೆಂಡತಿ ಮೀಟರಿಲ್ಲದೆ, ಕಿವಿಯಿಂದ ಆರಿಸಿದ್ದಳು.

ಸಂಜೆ ದನ ಮನೆಗೆ ಬರುವ ಹೊತ್ತು. ಜಗಲಿಯ ಮೇಲೆ ಕೂತು ಮೋಟಾರು ಬಿಚ್ಚಿ, ನಾನು ಹಾಕಿದ್ದ ಬೆಸುಗೆ ತೆಗೆದು, ಕಡಿವಾಣದ ಸ್ಪ್ರಿಂಗನ್ನು ಮತ್ತೆ ಕೂರಿಸಿ, ಟೇಪಿಗೆ ಜೋಡಿಸಿದೆ. ವೇಗ ಸರಿಮಾಡಲು ಮೋಟಾರಿನ ಬೆನ್ನಲ್ಲಿ ಒಂದು ತೂತು, ಅದರೊಳಗೆ ಒಂದು ಸ್ಕ್ರೂ. ಹೆಂಡತಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು. ಮೊದಲು ಅತ್ತೆಯ ದನಿ ಗಂಡಸಿನ ದನಿಯಾಗಿ ಬಂತು, ಆಮೇಲೆ ಗುಬ್ಬಚ್ಚಿಯದಾಯಿತು. ನಾನು ಸ್ಕ್ರೂ ತಿರುಗಿಸುತ್ತಾ ಹೋದೆ. ಅವಳು ಹೂಂ, ಇನ್ನೂ, ಸಾಕು, ಹಿಂದಕ್ಕೆ ಅನ್ನುತ್ತಾ ಹೋದಳು. ಕೊನೆಗೆ, "ಆ... ಇದೇ. ಇದೇ ನಮ್ಮವ್ವ" ಅಂದಳು.

ಮಾವ ಎಂದಿನಂತೆ ಟವೆಲ್ಲು ಕೊಡವಿಕೊಂಡು ಎದ್ದಿದ್ದರು. ಹೊಸಲಿನವರೆಗೂ ಹೋಗಿ, ಏನನ್ನಿಸಿತೋ, ನನ್ನ ಕೈಯ ಸ್ಕ್ರೂಡ್ರೈವರನ್ನು ನೋಡಿ ನಿಂತರು.

"ಅದನ್ನ ತಿರುಗ್ಸಿದ್ರೆ ಹಾಡು ಜೋರಾಯ್ತದಾ?"

"ಜೋರಲ್ಲ ಮಾವ, ಬೇಗ ಆಯ್ತದೆ."

"ಹಂಗಾರೆ ತಿರುಗ್ಸು. ಅದು ಅವಳಲ್ಲ."

"ಅಪ್ಪಾ, ಇಷ್ಟು ವರ್ಸದಿಂದ ದಿನಾ ಕೇಳ್ತಾ ಇವ್ನಿ, ನನಗ್ ಗೊತ್ತಿಲ್ವಾ?" ಅಂದಳು ನನ್ನ ಹೆಂಡತಿ.

"ಪದದ ಮಾತು ಬುಡವ್ವ. ಕಲ್ಲಿನ ಸದ್ದು ಕೇಳು. ನಿಮ್ಮವ್ವ ಇಷ್ಟು ಸೋಮಾರಿಯಾಗಿ ಬೀಸ್ತಿದ್ಲಾ?"

ಮುದುಕ ಗೋಡೆಗೊರಗಿ ಕೂತು, ಕಣ್ಣು ಮುಚ್ಚಿ, ಬಲಗೈಯನ್ನು ಮುಷ್ಟಿ ಮಾಡಿ ಗಾಳಿಯಲ್ಲಿ ಸುತ್ತತೊಡಗಿದರು. ನಲವತ್ತು ವರ್ಷ ದಿನಾ ಬೆಳಿಗ್ಗೆ ಅವರು ಕಣ್ಣು ಬಿಡುವ ಮೊದಲೇ ಕಿವಿಗೆ ಬೀಳುತ್ತಿದ್ದ ಕಲ್ಲು ಅದು. ನಾನು ಟೇಪಿನ ಕಲ್ಲಿಗೆ ಕಿವಿಗೊಟ್ಟೆ, ಅವರ ಮುಷ್ಟಿಯನ್ನು ನೋಡಿದೆ. ಮುಷ್ಟಿ ಮುಂದೆ, ಕಲ್ಲು ಹಿಂದೆ. ಆಗ ತಿಳಿಯಿತು. ಸ್ಪ್ರಿಂಗು ಏಳು ವರ್ಷದಿಂದ ಒಂದೊಂದು ಎಳೆಯಷ್ಟು ಸಡಿಲವಾಗುತ್ತಾ ಬಂದಿತ್ತು. ದಿನಾ ಕೇಳುತ್ತಿದ್ದ ಅವಳ ಕಿವಿಯೂ ಅದರ ಜೊತೆಗೇ ನಿಧಾನವಾಗುತ್ತಾ ಹೋಗಿತ್ತು. ಒಂದು ದಿನವೂ ಕೂತು ಕೇಳದ ಮುದುಕನ ಕಿವಿಯಲ್ಲಿ ಮಾತ್ರ ಕಲ್ಲು ಮೊದಲಿನ ವೇಗದಲ್ಲೇ ಉಳಿದಿತ್ತು. ಅವರು ಎದ್ದು ಹೋಗುತ್ತಿದ್ದುದು ಸಂಕಟ ತಡೆಯಲಾರದೆ ಅಂತ ತಿಳಿದಿದ್ದೆವಲ್ಲ! ಅವರು ಎದ್ದು ಹೋಗುತ್ತಿದ್ದುದು ಯಾರೋ ಬೇರೆಯವಳು ಹಾಡುತ್ತಿದ್ದಾಳೆ ಅಂತ.

ಹೆಂಡತಿಯ ಮುಖ ನೋಡಿದೆ. ಅವಳು ಹೂಂ ಅಂತ ತಲೆ ಆಡಿಸಿದಳು. ಸ್ಕ್ರೂವನ್ನು ಕೂದಲೆಳೆಯಷ್ಟು ಬಿಗಿ ಮಾಡಿದೆ. ಇನ್ನೂ ಒಂದು ಎಳೆ. ಮುಷ್ಟಿ ಮತ್ತು ಕಲ್ಲು ಒಂದೇ ಸುತ್ತಿಗೆ ಬಂದವು. ಪದ ತಟ್ಟನೆ ಎದ್ದು ಕೂತಿತು. ನಾನು ನೋಡಿದ್ದ ಅತ್ತೆ ಮುದುಕಿ. ಈ ದನಿ ಮಾತ್ರ ಎಳೆಯದು, ಚುರುಕಿನದು, ಹಾಡುತ್ತಾ ಹಾಡುತ್ತಾ ಯಾರನ್ನೋ ರೇಗಿಸುತ್ತಿದ್ದ ಹಾಗಿತ್ತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮಾವ ಏಳಲಿಲ್ಲ. ಪದ ಮುಗಿದು, ಕಲ್ಲಿನ ಸದ್ದು ನಿಂತು, ಗುಂಡಿ ಟಕ್ ಅಂತ ತಾನಾಗಿ ಮೇಲೆದ್ದ ಮೇಲೂ ಅವರ ಮುಷ್ಟಿ ಸುತ್ತುತ್ತಲೇ ಇತ್ತು.

"ಅಪ್ಪಾ, ಇನ್ನೊಂದ್ಸಲ ಹಾಕ್ಲಾ?" ಅಂದಳು ನನ್ನ ಹೆಂಡತಿ.

"ಹಾಕವ್ವ" ಅಂದರು.